ಆರನೇ ಅಧ್ಯಾಯದ ಅವಾಂತರ

ತನಗೆ ಬಾರದ ವಿದ್ಯೆಯ ಮೇಲೆಯೇ ಸಂಶೋಧನೆ ಮಾಡುವುದು ನಮ್ಮ ಮೇಷ್ಟರ ಕುಲಕ್ಕೆ ಅಂಟಿಕೊಂಡು ಬಂದ ಚಾಳಿ. ನನ್ನ ಸಹೋದ್ಯೋಗಿಯೊಬ್ಬರು ಕುಟುಂಬ ಸಾಮರಸ್ಯದ ಬಗ್ಗೆ ಮುನ್ನೂರು ಪುಟ ಬರೆದು ಡಾಕ್ಟರಾದರು. ಆ ಮುನ್ನೂರು ಪುಟ ಬರೆಯುವಷ್ಟು ಕಾಲವೂ ಅವರು ಅಣ್ಣನ ಮನೆಗೆ ಹೋಗಲಿಲ್ಲ, ಅಣ್ಣ ಇವರ ಮನೆಗೆ ಬರಲಿಲ್ಲ. ತಾಯಿಯನ್ನು ನೋಡಲು ಇಬ್ಬರೂ ವಾರ ಹಂಚಿಕೊಂಡಿದ್ದರು. ಇನ್ನೊಬ್ಬರದು ಗ್ರಾಮೀಣ ಹೈನುಗಾರಿಕೆ. ಮಾಹಿತಿ ಸಂಗ್ರಹಕ್ಕೆಂದು ಹಳ್ಳಿಗೆ ಹೋದಾಗ ಎಮ್ಮೆಯೊಂದು ಅವರ ಪ್ರಶ್ನಾವಳಿಯನ್ನು ಕೈಯಿಂದ ಕಿತ್ತು ತಿಂದಿತಂತೆ. ಅಂದಿನಿಂದ ಅವರು ಹಾಲು ಬಿಟ್ಟು ಕರಿ ಚಹಾ ಕುಡಿಯುತ್ತಾರೆ. ಇವರನ್ನೆಲ್ಲ ನೋಡಿ ನಕ್ಕವನು ನಾನು. ನಗಬಾರದಿತ್ತು. ಮೊಬೈಲಿಗೆ ಬಂದ ಫೋಟೋವನ್ನು ದೊಡ್ಡದು ಮಾಡಿ ನೋಡುವುದಕ್ಕೂ ಹೆಂಡತಿಯನ್ನು ಕೂಗುವ ಮನುಷ್ಯ ನಾನು. ಅಂಥ ನಾನು ಒಂಬತ್ತು ವರ್ಷದಿಂದ ಸಂಶೋಧನೆ ಮಾಡುತ್ತಿರುವ ವಿಷಯ ಇದು: ‘ವಿದ್ಯಾರ್ಥಿ ಸೇವೆಯಲ್ಲಿ ಕಾಲೇಜು ಜಾಲತಾಣಗಳು ಮತ್ತು ದತ್ತಾಂಶ ವ್ಯವಸ್ಥೆಗಳ ಪಾತ್ರ: ದಾವಣಗೆರೆ ಮತ್ತು ಹರಿಹರಗಳನ್ನು ಅನುಲಕ್ಷಿಸಿ.’ ಈ ಶೀರ್ಷಿಕೆಯನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಬಂದದ್ದೇ ಮೂರನೇ ವರ್ಷದಲ್ಲಿ.

ಹಾಗೆ ನೋಡಿದರೆ ಇದು ನಾನು ಆರಿಸಿಕೊಂಡ ವಿಷಯವೂ ಅಲ್ಲ. ದಾವಣಗೆರೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ನನಗೆ ಊರಿನ ಹತ್ತಿ ಗಿರಣಿಗಳಲ್ಲಿ ದುಡಿದವರ ಮನೆಗಳ ಬಗ್ಗೆ ಬರೆಯುವ ಆಸೆಯಿತ್ತು. ನನ್ನ ಗೈಡು ಪ್ರೊಫೆಸರ್ ರುದ್ರಯ್ಯನವರು ಹರಿಹರದವರು. ಮೊದಲ ಭೇಟಿಯಲ್ಲೇ ಅವರು, “ಗಿರಣಿ ಮುಚ್ಚಿ ಎಷ್ಟ್ ಕಾಲ ಆತ್ರಿ? ಮುಚ್ಚಿದ್ದನ್ನ ಕಟ್ಕೊಂಡು ಏನ್ ಬರೀತೀರಿ? ಈಗ ಎಲ್ಲಾ ಕಂಪ್ಯೂಟರ್ ಐತೆ, ಅದ್ರ ಮ್ಯಾಲೆ ಮಾಡ್ರಿ” ಅಂದರು. ಗುರುವಾಕ್ಯ ಮೀರುವಂತಿಲ್ಲವಲ್ಲ, ತಲೆಯಾಡಿಸಿ ಬಂದೆ. ಗಿರಣಿಗಳಾದರೂ ಮುಚ್ಚುವ ಮುಂಚೆ ಅಷ್ಟು ವರ್ಷ ಓಡಿದ್ದವು ಎಂಬುದು ಕಾಲೇಜುಗಳ ವೆಬ್‌ಸೈಟು ನೋಡಿದ ಮೇಲೆ ನನಗೆ ಹೊಳೆಯಿತು.

ರುದ್ರಯ್ಯನವರು ಕೆಟ್ಟವರಲ್ಲ. ಓದುವುದಿಲ್ಲ, ಅಷ್ಟೆ. ಒಂದೊಂದು ಅಧ್ಯಾಯ ಮುಗಿದಾಗಲೂ ಅದನ್ನು ಚೀಲದಲ್ಲಿ ತುಂಬಿಕೊಂಡು ನಾನು ಹರಿಹರದ ಬಸ್ಸು ಹತ್ತುತ್ತೇನೆ. ಅವರು ಜಗುಲಿಯಲ್ಲೇ ಚೀಲ ಇಸಿದುಕೊಂಡು, “ನೋಡ್ತೀನಿ, ನೀವು ಹೊರಡ್ರಿ, ಬಸ್ ತಪ್ತೈತೆ” ಅನ್ನುತ್ತಾರೆ. ದಾವಣಗೆರೆ-ಹರಿಹರಕ್ಕೆ ಹತ್ತು ನಿಮಿಷಕ್ಕೊಂದು ಬಸ್ಸಿದೆ. ಬೇಕೆಂದರೂ ತಪ್ಪಿಸಿಕೊಳ್ಳುವುದು ಕಷ್ಟ. ಅವರ ಟೀವಿಯ ಪಕ್ಕದಲ್ಲಿ ನನ್ನ ಐದು ಅಧ್ಯಾಯ ಒಂದರ ಮೇಲೊಂದು ಕೂತಿವೆ, ಅವುಗಳ ನೆತ್ತಿಯ ಮೇಲೆ ಒಂದು ಮನಿಪ್ಲಾಂಟ್ ಕುಂಡ. ಒಮ್ಮೆ ಕಿಟಕಿಯಿಂದ ಇಣುಕಿದಾಗ ಐದನೇ ಅಧ್ಯಾಯದ ಮೇಲೆ ಕಂದು ಬಣ್ಣದಲ್ಲಿ ಏನೋ ಕಂಡಿತು. ಸರ್ ಓದಿ ಷರಾ ಬರೆದಿದ್ದಾರೆಂದು ನನಗೆ ರೋಮಾಂಚನವೇ ಆಯಿತು. ನೋಡಿದರೆ ಅದು ಕುಂಡದಿಂದ ಸೋರಿದ ನೀರಿನ ಕಲೆ.

ಹೀಗೆ ಒಂಬತ್ತು ವರ್ಷ ಹೋಯಿತು. ಈಗ ವಿಶ್ವವಿದ್ಯಾಲಯದವರು ಕೈ ಎತ್ತಿದ್ದರು: ಈ ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಅತಿ ವಿಶೇಷ ಕಾರಣವಿದ್ದರೆ ಮಾತ್ರ ಇನ್ನೊಂದು ವರ್ಷ. ಸೋಮಾರಿತನ ಅವರ ವಿಶೇಷ ಕಾರಣಗಳ ಪಟ್ಟಿಯಲ್ಲಿ ಇರಲಿಲ್ಲ. ನೋಂದಣಿ ಹೋದರೆ ಹೋಗಲಿ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾಕೆಂದರೆ ಆವರಗೆರೆಯಲ್ಲಿ ನಾವು ಮನೆ ಕಟ್ಟಿಸಿದಾಗ ನನ್ನ ಹೆಂಡತಿ ಗಿರಿಜಾ ಗೇಟಿನ ಪಕ್ಕದ ಕರಿಕಲ್ಲಿನಲ್ಲಿ ನನ್ನ ಹೆಸರು ಕೆತ್ತಿಸುವಾಗ ಅದರ ಮುಂದೆ ‘ಡಾ.’ ಅಂತ ಬರುವಷ್ಟು ಜಾಗ ಖಾಲಿ ಬಿಡಿಸಿದ್ದಾಳೆ. ಬಂದ ನೆಂಟರೆಲ್ಲ ಆ ಖಾಲಿ ಜಾಗವನ್ನು ಬೆರಳಿನಿಂದ ಸವರಿ, “ಇಲ್ಲೇನು ಅಳಿಸಿ ಹೋಗ್ಯೈತ್ರಿ?” ಎಂದು ಕೇಳುತ್ತಾರೆ. ಹಾಗೆ ಕೇಳಿದಾಗಲೆಲ್ಲ ಗಿರಿಜಾ ನನ್ನ ಕಡೆ ನೋಡುತ್ತಾಳೆ.

ಹಾಗೆಂದು ನಾನು ಕೆಲಸವನ್ನೇ ಮಾಡಿಲ್ಲ ಅಂದುಕೊಳ್ಳಬೇಡಿ. ಎರಡೂ ಊರಿನ ಕಾಲೇಜುಗಳ ವೆಬ್‌ಸೈಟುಗಳನ್ನು ಒಂದೊಂದಾಗಿ ತೆರೆದು ನೋಡಿದ್ದೇನೆ. ಒಂದರಲ್ಲಿ ‘ಪ್ರಾಂಶುಪಾಲರ ಸಂದೇಶ’ ಒತ್ತಿದರೆ, ನಿವೃತ್ತರಾಗಿ ಮೊಮ್ಮಗಳ ಮದುವೆಯನ್ನೂ ಮುಗಿಸಿದ ಹಿರಿಯರು ಕಪ್ಪು ಮೀಸೆಯಲ್ಲಿ ನಗುತ್ತಿದ್ದರು. ಇನ್ನೊಂದರಲ್ಲಿ ‘ಹೊಸತು’ ಎಂದು ಕೆಂಪಕ್ಷರ ಮಿಣುಕುತ್ತಿತ್ತು. ಆತುರದಿಂದ ಒತ್ತಿದೆ, ಕಬಡ್ಡಿ ತಂಡ ಗೆದ್ದ ಸುದ್ದಿ. ಫೋಟೋದಲ್ಲಿ ಟ್ರೋಫಿ ಹಿಡಿದು ನಿಂತ ನಾಯಕ ಈಗ ಅದೇ ಕಾಲೇಜಿನಲ್ಲಿ ಬೊಜ್ಜು ಹೊತ್ತ ದೈಹಿಕ ಶಿಕ್ಷಣದ ಮೇಷ್ಟ್ರು. ಹರಿಹರದ ಕಾಲೇಜೊಂದರ ಗ್ರಂಥಾಲಯದ ಪುಟದ ಕೆಳಗೆ, ಎಷ್ಟು ಮಂದಿ ನೋಡಿದ್ದಾರೆ ಎಂಬ ಸಂಖ್ಯೆ ಇತ್ತು. ನಾನು ಬೆಳಿಗ್ಗೆ ನೋಡಿದಾಗ ಇದ್ದ ಸಂಖ್ಯೆ ಸಂಜೆ ನೋಡಿದಾಗ ಒಂದೇ ಒಂದು ಹೆಚ್ಚಿತ್ತು. ಮರುದಿನ ಮತ್ತೊಂದು. ವಾರ ಪೂರ್ತಿ ಪರೀಕ್ಷಿಸಿದ ಮೇಲೆ ಆ ಹೆಚ್ಚುತ್ತಿರುವ ಜನಸಮೂಹ ನಾನೇ ಎಂದು ಖಚಿತವಾಯಿತು. ಆದರೂ ಪ್ರಬಂಧದಲ್ಲಿ ‘ಬಳಕೆದಾರರ ಸಂಖ್ಯೆ ದಿನೇ ದಿನೇ ಏರುತ್ತಿದೆ’ ಎಂದು ಬರೆದೆ. ಸುಳ್ಳೇನಲ್ಲವಲ್ಲ.

ಬೇರೆಯವರ ಎಲೆಯ ನೊಣ ತೋರಿಸುವವನು ತನ್ನ ಎಲೆಯನ್ನೂ ನೋಡಿಕೊಳ್ಳಬೇಕು. ನಮ್ಮ ಕಾಲೇಜಿನ ವೆಬ್‌ಸೈಟು ಸಮಿತಿಗೆ ಸಂಚಾಲಕ ನಾನೇ. ಸಂಶೋಧನೆಯ ವಿಷಯ ಕೇಳಿದ ಕೂಡಲೇ ಪ್ರಾಂಶುಪಾಲರು ಆ ಹಾರವನ್ನು ನನ್ನ ಕೊರಳಿಗೆ ಹಾಕಿದ್ದರು. ಮುಖಪುಟಕ್ಕೆ ಚೆಂದದ ಫೋಟೋ ಬೇಕಿತ್ತು. ನಮ್ಮ ಕಾಲೇಜಿನ ಎದುರು ಇರುವುದು ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಹಿಂದೆ ಇರುವುದು ಇನ್ನೊಂದು ಕಾಲೇಜಿನ ಗೋಡೆ. ಹಾಗಾಗಿ ನಮ್ಮ ಮಕ್ಕಳು ಸ್ಕೌಟ್ಸ್ ಶಿಬಿರಕ್ಕೆ ಕೊಂಡಜ್ಜಿಗೆ ಹೋದಾಗ ಕೆರೆಯ ದಂಡೆಯಲ್ಲಿ ತೆಗೆದ ಫೋಟೋವನ್ನು ಹಾಕಿಸಿದೆ. ಮುಂದಿನ ವರ್ಷ ಯಾರದೋ ಫೋನಿನಲ್ಲಿ ಆ ಫೋಟೋ ನೋಡಿ ಕಡರನಾಯಕನಹಳ್ಳಿಯಿಂದ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು ಕಾಲೇಜನ್ನು ಎರಡು ಸುತ್ತು ಹಾಕಿ, ನಮ್ಮ ಅಟೆಂಡರನ್ನು, “ಕೆರಿ ಎಲ್ಲೈತ್ರಿ?” ಅಂತ ಕೇಳಿದರು. ಅಟೆಂಡರ್ ಸಂಸ್ಥೆಯ ಮಾನ ಬಿಡುವ ಮನುಷ್ಯನಲ್ಲ. “ಬ್ಯಾಸಿಗಿ ಅಲ್ಲೇನ್ರಿ, ಬತ್ತೈತೆ” ಅಂದ. ಅವರು ಒಪ್ಪಿಕೊಂಡು ಮಗಳನ್ನು ಸೇರಿಸಿ ಹೋದರು.

ಇನ್ನು ಉಳಿದದ್ದು ಆರನೇ ಅಧ್ಯಾಯ. ಇದೇ ಪ್ರಬಂಧದ ಜೀವ: ಈ ವೆಬ್‌ಸೈಟುಗಳೂ ದತ್ತಾಂಶ ವ್ಯವಸ್ಥೆಗಳೂ ಮಕ್ಕಳಿಗೆ ನಿಜಕ್ಕೂ ಉಪಯೋಗವಾಗಿವೆಯೇ ಎಂದು ಮಕ್ಕಳನ್ನೇ ಕೇಳುವುದು. ನಮ್ಮ ಕಾಲೇಜಿನದೂ ಹರಿಹರದ ಒಂದು ಕಾಲೇಜಿನದೂ ವಿದ್ಯಾರ್ಥಿ ದತ್ತಾಂಶದಿಂದ ಮೊಬೈಲ್ ನಂಬರು ತೆಗೆಸಿ, ಪ್ರತಿ ವಿದ್ಯಾರ್ಥಿಗೂ ಅವರವರ ರಿಜಿಸ್ಟರ್ ನಂಬರಿನ ಸಮೇತ ಒಂದೊಂದು ಲಿಂಕು ಕಳಿಸಿದೆ. ಅಂದರೆ ಆಫೀಸಿನವರಿಂದ ಕಳಿಸಿಸಿದೆ. ಹತ್ತು ಉತ್ತರ ಬಂದರೆ ನನ್ನ ಪುಣ್ಯ ಅಂದುಕೊಂಡಿದ್ದೆ. ಒಂದು ವಾರದಲ್ಲಿ ನೂರಾರು ಬಂದವು. ಬಂದದ್ದೂ ಎಂಥ ಉತ್ತರಗಳು! ‘ವೆಬ್‌ಸೈಟಿನಿಂದ ನಿಮಗೆ ಪ್ರಯೋಜನವಾಗಿದೆಯೇ?’ ಬಹಳ. ‘ವ್ಯವಸ್ಥೆಯ ಬಗ್ಗೆ ನಿಮಗೆ ತೃಪ್ತಿ ಇದೆಯೇ?’ ಪೂರ್ತಿ. ‘ಏನಾದರೂ ಬದಲಾವಣೆ ಬೇಕೇ?’ ಏನೂ ಬ್ಯಾಡ, ಇದ್ದಂಗೇ ಇರಲಿ. ನನಗೆ ಕಣ್ಣು ತುಂಬಿ ಬಂತು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುವ ಈ ಮಕ್ಕಳ ಒಳಗೆ ಇಷ್ಟು ಕೃತಜ್ಞತೆ ಇತ್ತೇ ಎಂದು ಬೈದದ್ದಕ್ಕೆಲ್ಲ ಪಶ್ಚಾತ್ತಾಪಪಟ್ಟೆ.

ಅಧ್ಯಾಯ ಸರಸರನೆ ಬೆಳೆಯಿತು. ಹರಿಹರದ ಉತ್ತರಗಳು ಸ್ವಲ್ಪ ಸಿಡುಕಿನವು. ‘ಬಹಳ’ ಇದ್ದಲ್ಲಿ ‘ಪರವಾಗಿಲ್ಲ’ ಇತ್ತು. ಅದಕ್ಕೆ ನಾನು ನಾಲ್ಕು ಪುಟದ ವಿಶ್ಲೇಷಣೆ ಬರೆದೆ: ಹೊಳೆದಂಡೆಯ ಊರಿನವರ ವಿಮರ್ಶಕ ಬುದ್ಧಿ, ಕಾರ್ಖಾನೆ ಕಂಡ ಊರಿನ ನಿರೀಕ್ಷೆಗಳು, ಇತ್ಯಾದಿ. ಶುಕ್ರವಾರ ಮಧ್ಯಾಹ್ನ ಮಾತ್ರ ಎಲ್ಲಿಂದಲೂ ಒಂದು ಉತ್ತರವೂ ಬಂದಿರಲಿಲ್ಲ. ಅದಕ್ಕೂ ಒಂದು ಪುಟ: ‘ವಾರಾಂತ್ಯದ ಹೊಸ್ತಿಲಲ್ಲಿ ಯುವಜನರ ಡಿಜಿಟಲ್ ಮೌನ.’ ಈ ಮಾತು ಬರೆದ ದಿನ ನಾನು ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿಂದೆ. ಗಿರಿಜಾ ಕೂಡ ಕರಿಕಲ್ಲಿನವನಿಗೆ ಫೋನ್ ಮಾಡಿ, ಒಂದು ಅಕ್ಷರ, ಒಂದು ಚುಕ್ಕೆ ಕೆತ್ತಲು ಎಷ್ಟು ಹೊತ್ತು ಬೇಕು ಅಂತ ವಿಚಾರಿಸಿದಳು.

ತಿಂಗಳು ಮುಗಿಯಲು ಒಂದು ವಾರವಿತ್ತು. ಆ ಹುಮ್ಮಸ್ಸಿನಲ್ಲಿ ಎರಡನೇ ಬಿ.ಎ. ಕ್ಲಾಸಿಗೆ ಹೋದವನು, “ನಮ್ಮ ವೆಬ್‌ಸೈಟನ್ನು ನೀವೆಲ್ಲ ಇಷ್ಟು ಮೆಚ್ಚಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ” ಎಂದು ಎದೆಯುಬ್ಬಿಸಿದೆ. ಕಾವ್ಯಾ ಅಂತ ಒಬ್ಬಳಿದ್ದಾಳೆ. ಕೊಂಡಜ್ಜಿಯ ಕೆರೆಯನ್ನು ಕಾಲೇಜಿನ ಹಿತ್ತಲಲ್ಲಿ ಹುಡುಕಿದ ಆ ಕಡರನಾಯಕನಹಳ್ಳಿಯವರ ಮಗಳು. ಅವಳು ಎದ್ದು, “ಸರ್, ನಮ್ ಕಾಲೇಜಿಗೆ ವೆಬ್‌ಸೈಟ್ ಐತಾ?” ಎಂದಳು.

ಅವಳು ಚೇಷ್ಟೆ ಮಾಡುತ್ತಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. “ಮತ್ತೆ ಆ ಫಾರಂ ತುಂಬಿದಿರಲ್ಲ, ಮೊಬೈಲಿಗೆ ಬಂದಿತ್ತಲ್ಲ?” ಅಂದೆ.

“ನಮ್ಗೆ ಯಾವ ಫಾರಮ್ಮೂ ಬಂದಿಲ್ಲ ಸರ್. ಬಂದಿದ್ರೆ ಆಪಾಗೆ ಬಂದಿರ್ತೈತೆ. ನಮ್ದೆಲ್ಲಾ ಆಪಾ ನಂಬರೇ ಕೊಟ್ಟಿರೋದು.”

“ನಂದೂ ಸರ್”, “ನಂದೂ ಆಪಾದೇ” ಎಂದು ಕ್ಲಾಸಿನ ನಾಲ್ಕೂ ಮೂಲೆಯಿಂದ ಕೈಗಳು ಎದ್ದವು. ಹಾಜರಿ ಕರೆದಾಗಲೂ ಅಷ್ಟು ಕೈ ನಾನು ಕಂಡಿರಲಿಲ್ಲ. ಚಾಕ್‌ಪೀಸ್ ಕೈಯಲ್ಲಿ ಹಾಗೇ ಹಿಡಿದುಕೊಂಡು ಗೇಟಿನ ಕಡೆ ನಡೆದೆ.

ಗೇಟಿನ ಎಡಗಡೆ ಶಮೀಮಾ ಆಪಾಳ ಜೆರಾಕ್ಸ್ ಅಂಗಡಿ. ಗಂಡ ಹಳೇ ಪೇಟೆಯಲ್ಲಿ ಟೈಲರ್. ಆಪಾ ಹದಿನೈದು ವರ್ಷದಿಂದ ಇಲ್ಲಿ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು, ಬಂದ ಮಕ್ಕಳ ಅರ್ಜಿ ತುಂಬಿಕೊಡುತ್ತಾಳೆ. ಆಪಾ ಅಂದರೆ ಅಕ್ಕ. ವಿದ್ಯಾರ್ಥಿಗಳು, ಅವರ ಅಪ್ಪಂದಿರು, ನಮ್ಮ ಅಟೆಂಡರ್, ಪ್ರಾಂಶುಪಾಲರು, ಎಲ್ಲರಿಗೂ ಆಕೆ ಆಪಾನೇ. ನಾನು ಹೋದಾಗ ಕನ್ನಡಕವನ್ನು ತಲೆಯ ಸೆರಗಿನ ಮೇಲೆ ಏರಿಸಿಕೊಂಡು, “ಬರ್ರಿ ಸರ್, ಕೂಡ್ರಿ. ಯಾಕ, ಮುಖ ಸಣ್ಣ ಆಗೈತೆ?” ಅಂದಳು.

ಕೂತು ಕೇಳಿದೆ. ಆಪಾ ಏನನ್ನೂ ಮುಚ್ಚಿಡಲಿಲ್ಲ; ಮುಚ್ಚಿಡುವಂಥದ್ದು ಇದೆಯೆಂದೇ ಆಕೆಗೆ ಅನಿಸಿರಲಿಲ್ಲ. “ಮತ್ತೇನ್ ಮಾಡ್ಬೇಕು ಸರ್? ಅಡ್ಮಿಷನ್ ಟೈಮಲ್ಲಿ ನಿಮ್ ಕಂಪ್ಯೂಟರ್ರು ಓಟಿಪಿ ಕೇಳ್ತೈತೆ. ಹುಡುಗೀರ ಮನೆಯಾಗೆ ಇರೋದು ಒಂದು ಫೋನು, ಅದು ಅಪ್ಪನ ಜೇಬಲ್ಲಿ. ಅಪ್ಪ ಗದ್ದೆಯಾಗೆ. ಇಲ್ಲಿಂದ ಫೋನ್ ಹಚ್ಚಿ, ಅವ್ರು ಕೈ ತೊಳ್ಕೊಂಡು, ಕನ್ನಡಕ ಹಾಕ್ಕೊಂಡು ನಂಬರ್ ಹೇಳೋ ಹೊತ್ತಿಗೆ ಓಟಿಪಿ ಸತ್ತಿರ್ತೈತೆ. ಒಂದ್ ದಿನ ಅಳ್ತಾ ಕೂತಿದ್ಲು ಒಬ್ಳು, ಪಾಪ, ಕಡೇ ದಿನ. ನನ್ ನಂಬರ್ ಹಾಕ್ದೆ. ಠಣ್ ಅಂತ ಬಂತು. ಆಮ್ಯಾಲೆ ಎಲ್ಲರ್ದೂ ಅದೇ ಹಾಕಿದ್ನಿ.”

“ಹರಿಹರದ ಕಾಲೇಜಿನದು?”

“ಅದು ನಮ್ ನಾದ್ನಿ ಅಂಗಡಿದು ಸರ್. ಅಲ್ಲೂ ಹಿಂಗೇ.”

ಹರಿಹರದವರ ವಿಮರ್ಶಕ ಬುದ್ಧಿಯ ನಾಲ್ಕು ಪುಟ ನೆನಪಾಗಿ, ಅಲ್ಲಿ ಉತ್ತರ ಸ್ವಲ್ಪ ಸಿಡುಕಾಗಿತ್ತಲ್ಲ ಎಂದು ಕೇಳಿದೆ. ಆ ವಾರ ನಾದಿನಿಯ ಪ್ರಿಂಟರ್ ಪದೇ ಪದೇ ಕಾಗದ ನುಂಗುತ್ತಿತ್ತಂತೆ. ಶುಕ್ರವಾರ ಮಧ್ಯಾಹ್ನದ ಯುವಜನರ ಡಿಜಿಟಲ್ ಮೌನದ ಬಗ್ಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಅಂಗಡಿಯ ಬಾಗಿಲಲ್ಲಿ ‘ಶುಕ್ರವಾರ 12ರಿಂದ 3 ಬಂದ್’ ಎಂದು ಬೋರ್ಡು ತೂಗುತ್ತಿತ್ತು. ದಿನಕ್ಕೆ ಎರಡು ಸಲ ಆ ಬೋರ್ಡಿನ ಕೆಳಗೇ ಹಾದುಹೋಗುವ ಸಮಾಜಶಾಸ್ತ್ರಜ್ಞ ನಾನು.

“ಅಲ್ಲ ಆಪಾ, ನೂರಾರು ಫಾರಮ್ಮನ್ನ ಒಬ್ಬಳೇ ಕೂತು ತುಂಬಿದೆಯಾ? ಯಾಕೆ?”

ಆಪಾ ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದಳು. “ಕಾಲೇಜಿನ ಲಿಂಕ್ ಬಂದ್ರೆ ತುಂಬ್ಬೇಕು ಸರ್. ತುಂಬ್ಲಿಲ್ಲ ಅಂದ್ರೆ ನೀವು ಹಾಲ್‌ಟಿಕೆಟ್ ಹಿಡೀತೀರಿ. ಹೋದ್ ವರ್ಷ ಏನೋ ಫೀಡ್‌ಬ್ಯಾಕ್ ಅಂತ ಬಂದಿತ್ತು, ತುಂಬ್ಲಿಲ್ಲ ಅಂತ ಹನ್ನೆರಡು ಮಕ್ಳುದ್ದು ನಿಲ್ಲಿಸಿದ್ರಿ. ಆವತ್ತೇ ಕಸಮ್ ಮಾಡಿದ್ನಿ. ಏನ್ ಬರ್ಲಿ, ತುಂಬೋದೇ. ನನ್ ಮಕ್ಳುದ್ದು ಒಂದೂ ನಿಲ್ಬಾರ್ದು.”

ಹಾಲ್‌ಟಿಕೆಟ್ ನಿಲ್ಲಿಸಿದ ಆ ಫೀಡ್‌ಬ್ಯಾಕೂ ನನ್ನ ಸಮಿತಿಯದೇ. ಅದನ್ನು ನಾನು ಆಕೆಗೆ ಹೇಳಲಿಲ್ಲ. ಮಾತು ತಿರುಗಿಸಲೆಂದು ಸ್ವಲ್ಪ ಗದರುವ ದನಿ ತೆಗೆದು, “ತುಂಬಿದ್ದು ಸರಿ. ಆದರೆ ಇಲ್ಲದ ಹೊಗಳಿಕೆ ಬರೆಯೋದಾ? ಇದು ಸಂಶೋಧನೆ, ಸುಳ್ಳು ಬರೀಬಾರದು” ಅಂದೆ.

ಆಪಾಗೆ ನಿಜಕ್ಕೂ ನೋವಾಯಿತು. “ಯಾವ್ದು ಸರ್ ಸುಳ್ಳು? ವೆಬ್‌ಸೈಟಿಂದ ಉಪಯೋಗ ಆಗೈತಾ ಅಂತ ಕೇಳಿದ್ರಿ. ನಂಗೆ ಬಹಳ ಆಗೈತೆ. ಅದು ಸರಿಯಾಗಿ ಇದ್ದಿದ್ರೆ ಮಕ್ಳು ತಾವೇ ತುಂಬ್ಕೊಂಡು ಹೋಗ್ತಿದ್ರು, ನನ್ ಅಂಗಡಿ ಯಾಕ ಬೇಕಿತ್ತು? ತೃಪ್ತಿ ಐತಾ ಅಂದ್ರಿ. ಪೂರ್ತಿ ಐತೆ. ಬದಲು ಮಾಡ್ಬೇಕಾ ಅಂದ್ರಿ. ಬ್ಯಾಡ ಸರ್, ದೇವ್ರಾಣೆ ಬ್ಯಾಡ. ಮಗಳಿಗೆ ಇನ್ನೂ ಎರಡ್ ವರ್ಷ ನರ್ಸಿಂಗ್ ಐತೆ.”

ನನ್ನ ಒಂಬತ್ತು ವರ್ಷದ ಸಂಶೋಧನೆಯಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರ ನನಗೆ ಸಿಕ್ಕಿರಲಿಲ್ಲ. ಆದರೆ ಅದು ಒಂದೇ ಒಂದು ಉತ್ತರ. ನಾದಿನಿಯದು ಸೇರಿದರೆ ಎರಡು. ಎರಡು ಉತ್ತರಕ್ಕೆ ಎಂಬತ್ತು ಪುಟದ ಅಧ್ಯಾಯ ನಿಲ್ಲುವುದಿಲ್ಲ. ಹಾಗೇ ಒಪ್ಪಿಸೋಣವೆಂದರೆ ಮನಸ್ಸಾಕ್ಷಿಗಿಂತ ಮುಂಚೆ ಹೆದರಿಕೆ ಅಡ್ಡ ಬಂತು. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಫೋನ್ ನಂಬರಿನ ಕಾಲಮ್ಮಿನ ಮೇಲೆ ಬೆರಳಿಟ್ಟರೆ ಮುಗಿಯಿತು ಕಥೆ. ಹೊಸದಾಗಿ ಬರೆಯೋಣವೆಂದರೆ ಉಳಿದದ್ದು ಒಂದು ವಾರ. ಅಂಗಡಿಯ ಸ್ಟೂಲಿನ ಮೇಲೆ ಕೂತೇ ನನ್ನ ಕಥೆಯನ್ನೆಲ್ಲ ಆಪಾಗೆ ಹೇಳಿಕೊಂಡೆ. ಐವತ್ತೆರಡು ವಯಸ್ಸಿನ ಗಂಡಸು ಜೆರಾಕ್ಸ್ ಯಂತ್ರದ ಪಕ್ಕ ಕಣ್ಣೊರೆಸಿಕೊಳ್ಳುವುದು ಚೆಂದವಲ್ಲ, ಗೊತ್ತು. ಒರೆಸಿಕೊಂಡೆ.

“ಅಯ್ಯೋ, ಅಷ್ಟಕ್ಕೆ ಯಾಕ ಸರ್ ಫಿಕರ್ ಮಾಡ್ತೀರಿ?” ಅಂದಳು ಆಪಾ. “ನಿಮ್ದೂ ಆಗೈತಲ್ಲ. ಒಂದ್ ವರ್ಷ ಕೊಟ್ಟಾರೆ.”

“ಯಾರು? ಏನು?”

“ಯೂನಿವರ್ಸಿಟಿಯವ್ರು ಸರ್. ಹತ್ತು ದಿನದ ಹಿಂದೆ ಮೆಸೇಜ್ ಬಂದಿತ್ತು, ಟೈಮ್ ಮುಗೀತೈತೆ, ಎಕ್ಸ್‌ಟೆನ್ಷನ್ ಬೇಕಂದ್ರೆ ಇವತ್ತೇ ತುಂಬ್ರಿ ಅಂತ. ತುಂಬ್ದೆ. ಸಾಯಂಕಾಲಕ್ಕೆ ಅಪ್ರೂವ್ ಆತು. ಹೇಳೋಣ ಅಂದ್ಕೊಂಡಿದ್ನಿ, ಸ್ಕಾಲರ್‌ಶಿಪ್ ರಶ್ಶಲ್ಲಿ ಮರ್ತೋತು.”

ಯೂನಿವರ್ಸಿಟಿಯ ಮೆಸೇಜು ಈಕೆಗೆ ಯಾಕೆ ಬಂತು ಎಂದು ಕೇಳಲು ಬಾಯಿ ತೆರೆದಾಗಲೇ ಉತ್ತರ ಹೊಳೆಯಿತು. ಎರಡು ವರ್ಷದ ಹಿಂದೆ ಸಂಶೋಧಕರೆಲ್ಲ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಬೇಕೆಂದು ಸುತ್ತೋಲೆ ಬಂದಿತ್ತು. ಅದನ್ನು ಆಪಾಗೆ ಕೊಟ್ಟು, ನನಗೆ ಈ ಓಟಿಪಿ ಗೀಟಿಪಿ ಎಲ್ಲ ತಿಳಿಯೋದಿಲ್ಲ, ನೀನೇ ಏನಾದರೂ ಮಾಡಮ್ಮ ಎಂದು ಹೇಳಿ ಹರಿಹರದ ಬಸ್ಸು ಹತ್ತಿದವನು ನಾನೇ. ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಗಳ ಸಂಶೋಧಕನ ದತ್ತಾಂಶವೂ ಆಪಾಳ ಮಡಿಲಲ್ಲೇ ಇತ್ತು. ಏನೇ ಇರಲಿ, ಒಂದು ವರ್ಷ ಸಿಕ್ಕಿತಲ್ಲ! ಎದ್ದು ಆಕೆಯ ಕಾಲಿಗೆ ಬೀಳುವುದೊಂದು ಬಾಕಿ. ಆಗ ನೆನಪಾಯಿತು, ಅತಿ ವಿಶೇಷ ಕಾರಣವಿಲ್ಲದೆ ಅವಧಿ ವಿಸ್ತರಿಸುವುದಿಲ್ಲವಲ್ಲ.

“ಕಾರಣ ಏನಂತ ಕೊಟ್ಟೆ ಆಪಾ?”

“ಅಲ್ಲಿ ಒಂದ್ ಪಟ್ಟಿ ಇತ್ತು ಸರ್, ಅದ್ರಾಗೆ ಒಂದು ಆರಿಸ್ಬೇಕು. ಅನಾರೋಗ್ಯ ಒತ್ತಿದ್ರೆ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತು. ಪ್ರವಾಹ ಒತ್ತಿದ್ರೆ ತಹಸೀಲ್ದಾರ್ ಪತ್ರ. ಹೆರಿಗೆ ಅಂತ ಇತ್ತು, ಅದು ನಿಮ್ಗೆ ಸರಿ ಹೋಗಲ್ಲ, ಬಿಟ್ಟೆ. ಕೆಳಗಡೆ ಒಂದಕ್ಕೆ ಮಾತ್ರ ಏನೂ ಕೇಳ್ಲಿಲ್ಲ. ಅದನ್ನೇ ಹಾಕ್ದೆ.” ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹಸಿರು ಅಕ್ಷರದಲ್ಲಿ ‘ಅನುಮೋದಿಸಲಾಗಿದೆ’ ಎಂದಿತ್ತು. ಅದರ ಕೆಳಗೆ, ಕಾರಣ: ‘ಮಾರ್ಗದರ್ಶಕರ ನಿಧನ.’

“ಆಪಾ! ರುದ್ರಯ್ಯನವರು ಗಟ್ಟಿಮುಟ್ಟಾಗಿದ್ದಾರೆ!”

ಆಪಾ ಗಲ್ಲ ಗಲ್ಲ ಬಡಿದುಕೊಂಡಳು. “ತೋಬಾ ತೋಬಾ! ಇದಾರಾ? ನಂಗೇನ್ ಗೊತ್ತು ಸರ್? ನೀವೇ ಅಲ್ವಾ, ಒಂಬತ್ತು ವರ್ಷ ಆತು ಒಂದು ಪುಟ ಓದಿಲ್ಲ, ಒಂದು ಫೋನ್ ಇಲ್ಲ, ಒಂದು ಮಾತಿಲ್ಲ ಅಂತ ಇಲ್ಲಿ ನಿಂತ್ಕೊಂಡು ಹೇಳ್ತಿದ್ದೋರು. ಹೋಗಿರ್ಬೇಕು, ಸರ್‌ಗೆ ದುಃಖಕ್ಕೆ ಬಾಯ್ಬಿಟ್ಟು ಹೇಳಕ್ಕಾಗ್ತಿಲ್ಲ ಅಂದ್ಕೊಂಡೆ. ಹಾಕ್ಬೇಕಾರೆ ನಂಗೂ ಬಹಳ ಬ್ಯಾಸ್ರ ಆತು.”

ಆಕೆ ಹೇಳುವುದರಲ್ಲಿ ತರ್ಕದೋಷ ಹುಡುಕಿದೆ, ಸಿಗಲಿಲ್ಲ. ತಪ್ಪನ್ನು ತಿದ್ದಬಹುದೇ ಅಂದೆ. ತಿದ್ದುಪಡಿಗೆ ಅವಕಾಶವಿದೆಯಂತೆ. ಆದರೆ ಗೈಡು ಬದುಕಿದರೆ ನನ್ನ ಒಂದು ವರ್ಷ ಸಾಯುತ್ತದೆ. “ಯೋಚ್ನೆ ಮಾಡಿ ಹೇಳ್ರಿ ಸರ್” ಎಂದು ಆಪಾ ಒಬ್ಬಳ ಅಂಕಪಟ್ಟಿ ಜೆರಾಕ್ಸ್ ಮಾಡಲು ಎದ್ದಳು. ನಾನು ತಕ್ಷಣವೇ ಧರ್ಮದ ಪಕ್ಷಕ್ಕೆ ನಿಂತೆ ಎಂದು ಬರೆಯಲು ಕೈ ಬರುತ್ತಿಲ್ಲ. ಆಕೆ ಆ ಹುಡುಗಿಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಎಲ್ಲ ಮುಗಿಸಿ ಪಿನ್ನು ಹೊಡೆದು ಕೊಡುವವರೆಗೂ ಯೋಚಿಸಿದೆ. ಆಮೇಲೆ ಎದ್ದು ಹರಿಹರದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಎಂಥೆಂಥದೋ ಯೋಚನೆ. ಯೂನಿವರ್ಸಿಟಿಯವರು ಹೂವಿನ ಹಾರ ಕಳಿಸಿಬಿಟ್ಟಿದ್ದರೆ? ಅದನ್ನು ರುದ್ರಯ್ಯನವರ ಹೆಂಡತಿ ಬಾಗಿಲಲ್ಲಿ ನಿಂತು ಇಸಿದುಕೊಂಡಿದ್ದರೆ? ರುದ್ರಯ್ಯನವರು ಜಗುಲಿಯಲ್ಲಿ ಬನಿಯನ್ನಿನಲ್ಲಿ ಕೂತು ಖಾರ ಮಂಡಕ್ಕಿ ತಿನ್ನುತ್ತಿದ್ದರು. ಅವರನ್ನು ಕಂಡು ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ನನ್ನನ್ನು ಕಂಡು ಅವರಿಗೆ ಎಂದಿನಷ್ಟೇ ಆಯಿತು. “ಅಧ್ಯಾಯ ತಂದೀರಾ? ಅಲ್ಲೇ ಇಡ್ರಿ. ನಂದು ಆ ಪೋರ್ಟಲ್ಲು ಒಂದು ವಾರದಿಂದ ಓಪನ್ನೇ ಆಗ್ವಲ್ದು” ಅಂದರು.

ಹೇಗೆ ಓಪನ್ ಆದೀತು? ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಒಪ್ಪಿಸಿದೆ. ಬೈಗುಳಕ್ಕೆ ಸಿದ್ಧನಾಗಿ ಒಂದು ಮೆಟ್ಟಿಲು ಕೆಳಗೇ ನಿಂತಿದ್ದೆ. ಅವರು ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟರು.

“ಅಂದ್ರೆ, ಯೂನಿವರ್ಸಿಟಿ ಲೆಕ್ಕದಾಗೆ ನಾನು ಇಲ್ಲ?”

“ತಪ್ಪಾಗಿದೆ ಸರ್. ಕ್ಷಮಿಸಬೇಕು.”

“ನಿಮ್ಗೆ ಬ್ಯಾರೆ ಗೈಡ್ ಕೊಡ್ತಾರೆ?”

“ಕೊಡಬಹುದು ಸರ್. ಆದರೆ ನಾನು ನಾಳೆನೇ ತಿದ್ದಿಸಿ...”

“ಅಂದ್ರೆ ಈ ಅಧ್ಯಾಯಗಳ್ನ ಇನ್ನು ನಾನು ಓದಂಗಿಲ್ಲ?”

“ನಿಯಮದ ಪ್ರಕಾರ ಇಲ್ಲ ಸರ್.”

ಅವರು ಒಳಗೆ ತಿರುಗಿ, “ಏ, ಇವ್ರಿಗೊಂದು ತಟ್ಟೆ ಮಂಡಕ್ಕಿ ಕೊಡು, ಎರಡು ಮೆಣಸಿನಕಾಯಿ ಬಜ್ಜಿ ಹಾಕು, ಚಾ ಇಡು” ಎಂದು ಕೂಗಿದರು. ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ನಾನು ಕೂತದ್ದು ಅದೇ ಮೊದಲು. ನನ್ನ ಮಕ್ಕಳ ಓದು ವಿಚಾರಿಸಿದರು. ಆವರಗೆರೆಯಲ್ಲಿ ನೀರು ಹೇಗೆ ಅಂದರು. ಟೀವಿ ಪಕ್ಕದ ಐದು ಅಧ್ಯಾಯಗಳನ್ನು ತಾವೇ ಎತ್ತಿ, ಧೂಳು ಕೊಡವಿ, ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. “ಇನ್ನೂ ನಾಕು ಮಂದಿ ನನ್ ಕೈ ಕೆಳಗೆ ಅದಾರೆ. ಅವ್ರಿಗೂ ನೀವೇ ಫೋನ್ ಮಾಡಿ ವಿಷಯ ತಿಳಿಸಿಬಿಡ್ರಿ” ಅಂದರು. ಗೇಟಿನವರೆಗೂ ಬಂದು, “ನಿಮ್ ಸಂಶೋಧನೆಯಿಂದ ಒಬ್ರಿಗಾದ್ರೂ ಉಪಯೋಗ ಆತು ನೋಡ್ರಿ” ಎಂದು ಬೆನ್ನು ತಟ್ಟಿದರು.

ಆದರೂ ಬದುಕಿದ್ದವರನ್ನು ಸತ್ತವರ ಪಟ್ಟಿಯಲ್ಲಿ ಬಿಡುವುದು ನನಗೆ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಆಪಾಳ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ವರ್ಷ ಹೋದರೆ ಹೋಗಲಿ, ಅವರನ್ನು ಬದುಕಿಸಮ್ಮ ಅಂದೆ. ತಿದ್ದುಪಡಿಗೆ ಗೈಡಿನ ಒಪ್ಪಿಗೆ ಬೇಕು. ಅವರ ಫೋನಿಗೆ ಓಟಿಪಿ ಹೋಗುತ್ತದೆ, ಅದನ್ನು ಅವರು ಹತ್ತು ನಿಮಿಷದಲ್ಲಿ ಹೇಳಬೇಕು. ಆಪಾ ಒತ್ತಿದಳು. ನಾನು ಫೋನ್ ಮಾಡಿದೆ. “ಬಂದಿಲ್ರಿ” ಅಂದರು. ಎರಡನೇ ಸಲ ಕಳಿಸಿದೆವು. “ಇಲ್ರಿ, ಬಂದಿಲ್ಲ.” ಮೂರನೇ ಸಲಕ್ಕೆ ಫೋನೇ ಸ್ವಿಚ್ ಆಫ್ ಆಗಿತ್ತು. ಆಪಾ ಪರದೆ ನೋಡಿ, “ಮೊದಲ್ನೇ ಎರಡೂ ಮುಟ್ಟ್ಯಾವು ಸರ್. ಅವ್ರಿಗೇ ಮನಸಿಲ್ಲ” ಅಂದಳು.

ನನಗೆ ನಿಜಕ್ಕೂ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. ಓದಲು ಮನಸ್ಸಿಲ್ಲದಿದ್ದರೆ ಬೇಡ. ಆದರೆ ಒಬ್ಬ ಮನುಷ್ಯ, ಮೊಮ್ಮಕ್ಕಳಿರುವ ಮನುಷ್ಯ, ನನ್ನ ಬರವಣಿಗೆ ಓದುವುದಕ್ಕಿಂತ ಸತ್ತವನಾಗಿಯೇ ಇರುತ್ತೇನೆ ಅಂದರೆ ಏನರ್ಥ? ಅಂಥದ್ದು ಏನು ಬರೆದಿದ್ದೇನೆ ನಾನು? ಆ ಭಾನುವಾರ ಗಿರಿಜಾಳನ್ನು ತವರಿಗೆ ಕಳಿಸಿ, ತಿಂಡಿ ತಿಂದು, ಕನ್ನಡಕ ಒರೆಸಿ, ಚೀಲದಿಂದ ಮೊದಲನೇ ಅಧ್ಯಾಯ ತೆಗೆದೆ. ಒಂಬತ್ತು ವರ್ಷ ಬರೆದದ್ದನ್ನು ಒಂದನೇ ಪುಟದಿಂದ ನಾನೂ ಓದಿರಲಿಲ್ಲ ಎಂಬುದು ಆಗಲೇ ಗಮನಕ್ಕೆ ಬಂದದ್ದು. ಶ್ರದ್ಧೆಯಿಂದ ಓದಿದೆ. ಒಂದೇ ವಾಕ್ಯ ಎರಡು ಪುಟ ನಡೆದು ಕ್ರಿಯಾಪದವಿಲ್ಲದೆ ನಿಂತಲ್ಲಿ ನಾನೂ ನಿಂತು, ಎದ್ದು ನೀರು ಕುಡಿದು ಬಂದು ಮತ್ತೆ ಕೂತೆ. ನಲವತ್ತನೇ ಪುಟಕ್ಕೆ ಬರುವಷ್ಟರಲ್ಲಿ ರುದ್ರಯ್ಯನವರ ಮೇಲಿನ ಸಿಟ್ಟು ಪೂರ್ತಿ ಇಳಿದುಹೋಗಿತ್ತು.